ಎಡಗೈ ಹೆಬ್ಬೆಟ್ಟು

ನನ್ನ ಅಪ್ಪನ ಮನೆಯ ಬಾಗಿಲು ತೆರೆದ ಹೆಂಗಸು, ನನಗೆ ಬಾರದ ಭಾಷೆಯಲ್ಲಿ ನನ್ನನ್ನು ಮಾತಾಡಿಸಿದಳು.

"ಎವರು ಕಾವಾಲಿ?"

ಯಾರು ಬೇಕು ಅಂತ ಅದರ ಅರ್ಥ. ಅದು ತಿಳಿದದ್ದು ಆಮೇಲೆ. ಆಗ ನಾನು ತಲೆಯ ಮೇಲೊಂದು ಟ್ರಂಕು, ಕಂಕುಳಲ್ಲಿ ಜೋಳದ ಹಿಟ್ಟಿನ ಚೀಲ ಹಿಡಿದು ರಾಯಚೂರಿನ ಆ ಓಣಿಯಲ್ಲಿ ನಿಂತಿದ್ದೆ. ದೇವದುರ್ಗದಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಎರಡು ತಾಸಿನಲ್ಲಿ ಮಾತು ಬದಲಾಗಿಬಿಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದೂ ಅಪ್ಪನ ಮನೆಯೊಳಗೆ. ಆಕೆಯ ಎಡ ಸೊಂಟದ ಮೇಲೆ ನಾಲ್ಕೈದು ತಿಂಗಳ ಕೂಸು ಇತ್ತು. ಅದು ನನ್ನ ಟ್ರಂಕಿನ ಹೊಳೆಯುವ ಕೊಂಡಿಯನ್ನೇ ನೋಡುತ್ತಿತ್ತು.

ನಾನು ಅಪ್ಪನ ಹೆಸರು ಹೇಳಿದೆ. ಆಕೆ ನನ್ನ ಮುಖ ನೋಡಿದಳು, ಟ್ರಂಕು ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ ಅರ್ಧ ತೆಲುಗು ಬೆರೆತ ಕನ್ನಡದಲ್ಲಿ, "ಆಯನ ಇಲ್ಲ. ಕುರಿ ಲಾರಿ ಸಂಗಾಟ ಹೈದರಾಬಾದಿಗೆ ಹೋಗ್ಯಾರ. ನೀನು ಮಾಳಮ್ಮ ಅಲ್ಲಾ?" ಎಂದಳು.

ನನ್ನ ಹೆಸರು ಆಕೆಗೆ ಗೊತ್ತಿತ್ತು. ನರಸಮ್ಮ ಎಂಬ ಆಕೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯಲು ಬಂದಿದ್ದ ಕಾಲ. ನನಗೆ ಹದಿನಾರು ವಯಸ್ಸು. ದೇವದುರ್ಗ ತಾಲ್ಲೂಕಿನ ಒಂದು ಹಟ್ಟಿಯಿಂದ ಕಾಲೇಜು ಓದಲು ಬಂದಿದ್ದೆ.

ನಾವು ಕುರಿ ಕಾಯುವ ಮಂದಿ. ನಮ್ಮಲ್ಲಿ ಗಂಡಸರು ಮನೆ ಬಿಟ್ಟು ಹೋಗುವುದು ದೊಡ್ಡ ಸುದ್ದಿಯಲ್ಲ. ಬೇಸಿಗೆ ಹತ್ತಿತೆಂದರೆ ಹಿಂಡು ಹೊಡೆದುಕೊಂಡು ಮೇವು, ನೀರು ಇರುವ ಕಡೆ ನಡೆಯುತ್ತಾರೆ. ರೈತರ ಹೊಲದಲ್ಲಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಕಾಳು ಇಸಿದುಕೊಂಡು, ಮಳೆ ಬಿದ್ದ ಮೇಲೆ ತಿರುಗಿ ಬರುತ್ತಾರೆ. ಅಪ್ಪನೂ ಪ್ರತಿ ವರ್ಷ ಕೃಷ್ಣೆಯ ಆಚೆ ತೆಲುಗು ಸೀಮೆಗೆ ಹೋಗಿ ಬರುತ್ತಿದ್ದ. ಒಂದು ವರ್ಷ ಮಳೆ ಬಂತು, ಹಿಂಡು ಬಂತು, ಹಿಂಡಿನ ಹಿಂದೆ ಕಾಕಾ ಬಂದ. ಅಪ್ಪ ಬರಲಿಲ್ಲ. ರಾಯಚೂರಿನಲ್ಲಿ ಕುರಿ ವ್ಯಾಪಾರ ಹಿಡಿದಿದ್ದಾನೆ, ಮನೆ ಮಾಡಿದ್ದಾನೆ, ಮನೆಯಲ್ಲಿ ಹೆಂಗಸಿದ್ದಾಳೆ ಎಂಬ ಸುದ್ದಿ ಮಾತ್ರ ಬಂತು. ಆಗ ನಾನು ಎಂಟನೇ ತರಗತಿ.

ಅವ್ವ ಅಳಲಿಲ್ಲ. ಉಳಿದ ಕುರಿಗಳನ್ನು ತಾನೇ ಕಾದಳು. ಅವ್ವನಿಗೆ ಹಟ್ಟಿಯಲ್ಲಿ ಒಂದು ಹೆಸರಿತ್ತು. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಹೊಂದಿಸುವುದರಲ್ಲಿ ಆಕೆಯ ಕೈ ಬಹಳ ಚಲೋ. ಮರಿಯ ಕತ್ತಿಗೆ, ಬೆನ್ನಿಗೆ ಉಪ್ಪು ಸವರಿ, ಮರಿ ಕಳಕೊಂಡ ಕುರಿಯ ಮುಂದೆ ಬಿಡುತ್ತಿದ್ದಳು. ಕುರಿ ಮೊದಲು ಗುದ್ದುತ್ತದೆ. ಆಮೇಲೆ ಉಪ್ಪಿನ ಆಸೆಗೆ ನೆಕ್ಕುತ್ತದೆ. ನೆಕ್ಕುತ್ತ ನೆಕ್ಕುತ್ತ ವಾಸನೆಗೆ ಒಗ್ಗಿ, ಮೂರನೇ ದಿನ ಮೊಲೆ ಕೊಡುತ್ತದೆ. ಹತ್ತು ಊರಿನವರು ಇದಕ್ಕಾಗಿ ಅವ್ವನನ್ನು ಕರೆಯುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮ ಮಾಸ್ತರು ಹಟ್ಟಿಗೆ ಬಂದು, "ಈ ಹುಡುಗೀನ ಕುರಿ ಹಿಂದ ಕಳಸಬ್ಯಾಡವ್ವ, ರಾಯಚೂರಿಗೆ ಕಳಸು" ಎಂದರು. ಗಂಡು ಹುಡುಗನಾಗಿದ್ದರೆ ನಾಲ್ಕು ಜನ ಸೇರಿ ಒಂದು ಕೋಣೆ ಹಿಡಿಯಬಹುದಿತ್ತು. ಹೆಣ್ಣಿಗೆ ಆ ದಾರಿ ಇರಲಿಲ್ಲ. ಒಂದು ವಾರ ಆದ ಮೇಲೆ ಅವ್ವ ಹೇಳಿದಳು.

"ಅಪ್ಪ ಸತ್ತಿಲ್ಲಲ್ಲ. ಅಪ್ಪನ ಮನ್ಯಾಗ ಇರು. ಅದು ನಿನ್ನ ಹಕ್ಕು, ಯಾರ ಉಪಕಾರನೂ ಅಲ್ಲ. ಎರಡ ಮಾತು ಹೇಳ್ತೀನಿ, ನೆನಪಿಟ್ಟಕೋ. ಅಕೀನ ಅವ್ವ ಅನಬ್ಯಾಡ. ಅಕಿ ಕೂಸಿನ್ನ ಎತ್ತಿಕೊಬ್ಯಾಡ."

ನಮ್ಮಲ್ಲಿ ಕೂಸನ್ನು ಉಡಿಗೆ ಹಾಕಿಸಿಕೊಂಡರೆ ಅದು ನಮ್ಮದಾಯಿತು ಎಂದೇ ಅರ್ಥ. ಜಗಳವಾಡಿದ ಅಣ್ಣತಮ್ಮಂದಿರು ಒಂದಾಗುವಾಗಲೂ ಒಬ್ಬರ ಕೂಸನ್ನು ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ಅದಾದ ಮೇಲೆ ಮಾತಿಲ್ಲ.

"ಎತ್ತಿಕೊಂಡಿ ಅಂದ್ರ ಆ ಮನಿ ಒಪ್ಪಿಕೊಂಡಂಗ," ಎಂದಳು ಅವ್ವ. "ಆಮ್ಯಾಲ ನನ್ನ ಕಡಿ ಯಾರದಾರ ಹೇಳು."

ಯಾರೂ ಇರಲಿಲ್ಲ. ನಾನೊಬ್ಬಳೇ ಇದ್ದೆ. ಆ ಮಾತನ್ನು ಟ್ರಂಕಿನಲ್ಲಿಟ್ಟುಕೊಂಡೇ ನಾನು ಬಸ್ಸು ಹತ್ತಿದ್ದು.

ಅಪ್ಪನ ಮನೆ ಗಂಜಿನ ಹಿಂದಿನ ಓಣಿಯಲ್ಲಿತ್ತು. ಗಂಜ್ ಎಂದರೆ ಹತ್ತಿ, ಶೇಂಗಾ, ಕಾಳುಕಡಿ ಬಂದು ಬೀಳುವ ದೊಡ್ಡ ಮಾರುಕಟ್ಟೆ. ಒಂದು ಕೋಣೆ, ಮುಂದೆ ಒಂದು ಸಣ್ಣ ಪಡಸಾಲೆ. ನಾನು ಪಡಸಾಲೆಯಲ್ಲಿ ಇರುತ್ತಿದ್ದೆ. ಪಕ್ಕದ ಮನೆಯ ಹುಸೇನಬಿಯೇ ಈ ಮನೆಯ ಒಡತಿ. ಓಣಿಗೆ ಓಣಿಯೇ ಆಕೆಯನ್ನು ಖಾಲಾ ಎನ್ನುತ್ತಿತ್ತು. ದಖನಿ ಉರ್ದುವಿನಲ್ಲಿ ಖಾಲಾ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ಆಕೆಯ ಗಂಡನದು ಗಂಜಿನಲ್ಲಿ ಎಣ್ಣೆಯ ದುಕಾನು.

ಹಟ್ಟಿಯಲ್ಲಿ ಗೋಡೆ ಕಡಿಮೆ, ಆಕಾಶ ಹೆಚ್ಚು. ಇಲ್ಲಿ ಪಡಸಾಲೆಯಲ್ಲಿ ಕೂತರೆ ಎದುರು ಮನೆಯ ಗೋಡೆ, ಅದರಾಚೆ ಕೋಟೆಯ ಗುಡ್ಡದ ಬಂಡೆ. ಆ ಬಂಡೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ನಮ್ಮ ಮೇಲೆ ಉಗುಳುತ್ತಿತ್ತು. ಹಟ್ಟಿಯಲ್ಲಿ ನೀರಿದ್ದ ಕಡೆ ನಾವು ಹೋಗುತ್ತಿದ್ದೆವು. ಇಲ್ಲಿ ನೀರು ತಾನೇ ನಳದಲ್ಲಿ ಬರುತ್ತಿತ್ತು, ಆದರೆ ಅದು ಬಂದಾಗ ನಾವಿರಬೇಕು. ಮೊದಲ ದಿನ ನಾನು ಕೊಡ ಹಿಡಿದುಕೊಂಡು ಪಾಳಿಯಲ್ಲಿ ಒಂದು ತಾಸು ನಿಂತೆ. ಹಿಂದೆ ಮುಂದೆ ಎಲ್ಲ ಬರಿಯ ಕೊಡಗಳು, ಮನುಷ್ಯಳೆಂದರೆ ನಾನೊಬ್ಬಳೇ. ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ಕೂತು ನಗುತ್ತಿದ್ದರು.

"ಏ ದೇವದುರ್ಗ, ಕೊಡ ಇಟ್ಟು ಹೋಗಬೇ. ಅದಕ್ಕೇನು ಕಾಲು ಅದಾವೇನು, ಓಡಿಹೋಗಾಕ?"

ಅಂದಿನಿಂದ ಆ ಓಣಿಯಲ್ಲಿ ನನ್ನ ಹೆಸರು ದೇವದುರ್ಗ ಎಂದಾಯಿತು.

ಊಟದ್ದೂ ಹಾಗೇ. ನರಸಮ್ಮ ಎರಡು ಹೊತ್ತೂ ಅನ್ನ ಮಾಡುತ್ತಿದ್ದಳು. ನಾವು ಪುಂಡಿಪಲ್ಯ ಎನ್ನುವ ಸೊಪ್ಪಿಗೆ ಆಕೆ ಗೋಂಗೂರ ಎನ್ನುತ್ತಿದ್ದಳು. ನಾವು ಅದನ್ನು ಬೇಳೆ, ನುಚ್ಚು ಹಾಕಿ ಕುದಿಸಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ. ಆಕೆ ಒಣಮೆಣಸಿನಕಾಯಿ ಹಾಕಿ ರುಬ್ಬಿ ಅನ್ನಕ್ಕೆ ಕಲಸಿ ಕೊಡುತ್ತಿದ್ದಳು. ಅದೇ ಹುಳಿ, ಅದೇ ಎಲೆ, ನನ್ನ ನಾಲಿಗೆಗೆ ಮಾತ್ರ ಗುರುತು ಸಿಗುತ್ತಿರಲಿಲ್ಲ. ಎಂಟು ದಿನ ತಡೆದು, ಒಂಬತ್ತನೆಯ ದಿನ ನಾನೇ ಚೀಲ ಬಿಚ್ಚಿ ರೊಟ್ಟಿ ಬಡಿದೆ. ಸಪ್ಪಳ ಕೇಳಿ ಖಾಲಾ ಗೋಡೆಯಾಚೆಯಿಂದ, "ಯಾರಮ್ಮಾ ಅದು ರೊಟ್ಟಿ ಬಡಿಯಾಕತ್ತೋರು, ನನಗೊಂದು ಇಡ್ರಿ" ಎಂದಳು. ಆ ಊರಿನಲ್ಲಿ ನನ್ನಿಂದ ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಎರಡು ಕೊಟ್ಟೆ.

ನರಸಮ್ಮ ಕೆಟ್ಟವಳಾಗಿರಲಿಲ್ಲ. ಅದೇ ನನಗೆ ಕಷ್ಟವಾಗಿತ್ತು. ಕೆಟ್ಟವಳಾಗಿದ್ದರೆ ಅವ್ವನ ಎರಡು ಮಾತು ಪಾಲಿಸುವುದು ಸುಲಭವಿತ್ತು. ದಿನಾ ನಾನು ಕಾಲೇಜಿನಿಂದ ಬಂದ ಕೂಡಲೇ "ತಿನ್ನಾವಾ?" ಎನ್ನುತ್ತಿದ್ದಳು, ಉಂಡೆಯಾ ಎಂದು. ನಾನು ತಲೆಯಾಡಿಸುತ್ತಿದ್ದೆ. ಆಕೆಯನ್ನು ಏನೆಂದು ಕರೆಯಬೇಕೋ ತಿಳಿಯದೆ, ಕರೆಯಬೇಕಾದಾಗ ಆಕೆಯ ಎದುರಿಗೆ ಹೋಗಿ ನಿಲ್ಲುತ್ತಿದ್ದೆ. ಸರೋಜ ಎಂಬ ಆ ಕೂಸು ಅತ್ತರೆ ಎತ್ತಿಕೊಳ್ಳುತ್ತಿರಲಿಲ್ಲ. ಸೀರೆ ಕಟ್ಟಿದ ಜೋಳಿಗೆಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಓದುತ್ತ ಓದುತ್ತ ತೂಗುತ್ತಿದ್ದೆ. ಎತ್ತಿಕೊಬ್ಯಾಡ ಅಂದಿದ್ದಳು ಅವ್ವ, ತೂಗಬ್ಯಾಡ ಅಂದಿರಲಿಲ್ಲ.

ಕಾಲೇಜಿನಲ್ಲಿ ಹುಡುಗಿಯರು ಕಡಿಮೆ. ಚಂದ್ರಬಂಡದಿಂದ ಬರುವ ಒಬ್ಬಳು ನನ್ನ ಪಕ್ಕ ಕೂಡುತ್ತಿದ್ದಳು. ಸಂಜೆಯಾದರೆ ಆಕೆ ತನ್ನ ಊರಿಗೆ ಹೋಗಿಬಿಡುತ್ತಿದ್ದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ದೇವದುರ್ಗದ ಬಸ್ಸಿನ ಹತ್ತಿರ ನಿಲ್ಲುತ್ತಿದ್ದೆ. ಹತ್ತುವುದಕ್ಕಲ್ಲ. ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ನಮ್ಮ ಮಾತಿನಲ್ಲಿ ಜಗಳವಾಡುತ್ತಿದ್ದರು, ಅದನ್ನು ಕೇಳುವುದಕ್ಕೆ. ಬಸ್ಸು ಹೊರಟ ಮೇಲೆ ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿಯುತ್ತಿತ್ತು. ನಾನು ಅದನ್ನು ನೋಡಿ ಮನೆಗೆ ಬರುತ್ತಿದ್ದೆ. ಅವ್ವನಿಗೆ ಕಾಗದ ಬರೆದರೆ ಆಕೆ ಅದನ್ನು ಮಾಸ್ತರ ಕೈಯಲ್ಲಿ ಓದಿಸಬೇಕು. ನನ್ನಲ್ಲಿದ್ದ ಮಾತುಗಳು ಮಾಸ್ತರು ಓದುವಂಥವಲ್ಲ. ಹಾಗಾಗಿ ಪ್ರತಿ ಸಲ, ನಾನು ಕ್ಷೇಮ, ಓದು ನಡೆದಿದೆ, ಎಂದು ಎರಡೇ ಸಾಲು.

ಓಣಿಯಲ್ಲಿ ಕುರಿ ಲಾರಿ ಹಾದು ಹೋದರೆ ಆ ವಾಸನೆಗೆ ನಾನು ಹೊರಗೆ ಓಡಿ ಬರುತ್ತಿದ್ದೆ. ಅದು ನಮ್ಮ ಹಟ್ಟಿಯ ವಾಸನೆ, ಅಪ್ಪನ ವಾಸನೆಯೂ ಅದೇ. ನಾನು ಓಡಿ ಬರುವಷ್ಟರಲ್ಲಿ ನರಸಮ್ಮ ಆಗಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಳಗೆ ಬರುತ್ತಿದ್ದೆವು.

ಅಪ್ಪ ಬಂದದ್ದು ನಾನು ಬಂದ ಇಪ್ಪತ್ತು ದಿನಕ್ಕೆ. ಮೂರು ವರ್ಷದಿಂದ ಅವನಿಗೆ ಹೇಳಬೇಕೆಂದು ಜೋಡಿಸಿಟ್ಟಿದ್ದ ಮಾತುಗಳು ನನ್ನ ಬಾಯಲ್ಲಿ ತಯಾರಿದ್ದವು. ಅವನು ನನ್ನ ಕಡೆ ನೋಡಿ, "ದೊಡ್ಡಾಕಿ ಆಗಿಯಲ್ಲಬೇ. ಅವ್ವ ಆರಾಮಾ?" ಎಂದ. ನಾನು ಹೂಂ ಎನ್ನುವುದರೊಳಗೆ ಜೋಳಿಗೆಯ ಕಡೆ ಬಗ್ಗಿದ್ದ.

"ಬಾರ ನನ್ನ ಕರಿಮರಿ," ಎಂದ ಕೂಸಿಗೆ.

ಕರಿಮರಿ ಎಂದು ಅವನು ನನ್ನನ್ನು ಕರೆಯುತ್ತಿದ್ದ. ಹೆಗಲ ಮೇಲೆ ಕೂರಿಸಿಕೊಂಡು ಹಿಂಡಿನ ಹಿಂದೆ ನಡೆಯುವಾಗ. ಆ ಹೆಸರನ್ನು ಅವನು ಬೇರೆ ಯಾರಿಗಾದರೂ ಕೊಟ್ಟುಬಿಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಕೊಡ ತೆಗೆದುಕೊಂಡು ನೀರಿಲ್ಲದ ನಳದ ಹತ್ತಿರ ಹೋಗಿ ಕೂತೆ. ಎರಡು ದಿನ ಇದ್ದು ಅಪ್ಪ ಮತ್ತೆ ಲಾರಿ ಹತ್ತಿದ. ನನ್ನ ಮಾತುಗಳು ಹಾಗೇ ಉಳಿದವು.

ಆಗಸ್ಟ್ ತಿಂಗಳಲ್ಲಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ನೋಟೀಸು ಹಚ್ಚಿದರು. ಅದು ಸಿಕ್ಕರೆ ಓದು ಮುಂದುವರಿಯುತ್ತದೆ, ಸಿಗದಿದ್ದರೆ ದಸರೆಯೊಳಗೆ ಟ್ರಂಕು ಕಟ್ಟಬೇಕು. ಇದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ನಾನು ಫಾರಂ ತುಂಬಿಕೊಂಡು ಹೋದೆ. ಗುಮಾಸ್ತರು ಕೊನೆಯ ಪುಟ ತಿರುವಿ, "ಅಪ್ಪನ ಸಹಿ ಎಲ್ಲಿ?" ಎಂದರು.

"ಅಪ್ಪ ಊರಾಗಿಲ್ರಿ."

"ಬಂದ ಮ್ಯಾಲ ಹಾಕಿಸು. ಸಹಿ ಬರಂಗಿಲ್ಲಂದ್ರ ಹೆಬ್ಬಟ್ಟು ಒತ್ತಿಸು. ಖಾಲಿ ಜಾಗ ಬಿಟ್ಟ ಫಾರಂ ನಾ ಇಟ್ಟುಕೊಳ್ಳಂಗಿಲ್ಲ. ಸೋಮವಾರ ಕಡೀ ದಿನ ನೋಡವ್ವ."

ಅಪ್ಪನಿಗೆ ಓದು ಬಾರದು. ಇನ್ನೂರು ಕುರಿಯನ್ನು ಮುಖ ನೋಡಿ, ಕಿವಿ ನೋಡಿ ಗುರುತಿಸುತ್ತಿದ್ದ. ಕಾಗದಕ್ಕೆ ಮಾತ್ರ ಹೆಬ್ಬೆಟ್ಟೇ. ಆದರೆ ಆ ಹೆಬ್ಬೆಟ್ಟು ಎಲ್ಲಿದೆ? ನಾನು ಕುರಿ ಲಾರಿಗಳು ನಿಲ್ಲುವ ಬಯಲಿಗೆ ಮೂರು ದಿನ ಹೋದೆ. ಒಬ್ಬ ಡ್ರೈವರ್, ಮೊನ್ನೆ ನೋಡಿದ್ದೆ ಎಂದ. ಇನ್ನೊಬ್ಬ, ಬರ್ತಾನ ಬಿಡವ್ವ ಎಂದ. ಮೂರನೆಯವನು ಬೀಡಿ ಕೆಳಗಿಟ್ಟು ನನ್ನನ್ನು ದಿಟ್ಟಿಸಿ ನೋಡಿದ.

"ನೀ ಏನಾಗಬೇಕವ್ವ ಅವಗ?"

"ಮಗಳು."

"ಅವನ ಮಗಳು ಇನ್ನಾ ಕೂಸಲ್ಲೇನು?"

ಅವನ ತಪ್ಪಲ್ಲ. ಅವನಿಗೆ ಗೊತ್ತಿದ್ದುದನ್ನು ಹೇಳಿದ. ಆದರೆ ಆ ಬಯಲಿನಿಂದ ಓಣಿಯವರೆಗೆ ನಡೆದು ಬರುವಾಗ, ನಾನು ಯಾರ ಮಗಳೂ ಅಲ್ಲದೆ ನಡೆದೆ.

ಭಾನುವಾರ ಮಧ್ಯಾಹ್ನ ಫಾರಂ ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದೆ. ನರಸಮ್ಮ ಕೂಸನ್ನು ಎತ್ತಿಕೊಂಡು ಬಂದು "ಏಮೈಂದಿ?" ಎಂದಳು. ಏನಾಯಿತು ಎಂದು. ಮೂರು ತಿಂಗಳಲ್ಲಿ ಮೊದಲ ಸಲ ನಾನು ಆಕೆಯ ಎದುರು ಉದ್ದಕ್ಕೆ ಮಾತಾಡಿದೆ. ಗುಮಾಸ್ತರು ಹೇಳಿದ್ದು, ಸೋಮವಾರ, ಹೆಬ್ಬೆಟ್ಟು, ಟ್ರಂಕು. ಡ್ರೈವರ್ ಹೇಳಿದ ಮಾತೊಂದನ್ನು ಬಿಟ್ಟೆ. ಆಕೆ ಪೂರ್ತಿ ಕೇಳಿದಳು.

"ಅವರ ಹೆಬ್ಬಟ್ಟು ಹೆಂಗದ ಅಂತ ಆ ಗುಮಾಸ್ತಗ ಗೊತ್ತಾ?"

"ಹೆಂಗ ಗೊತ್ತಿರ್ತದ?"

"ಮತ್ತ? ಹೆಬ್ಬಟ್ಟಿಗೇನು ಮೀಸಿ ಇರ್ತಾವಾ?"

ನಾನು ಆಕೆಯ ಮುಖ ನೋಡಿದೆ. ಆಕೆ ತಮಾಷೆ ಮಾಡುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಖಾಲಾನನ್ನು ಕೂಗಿದಳು. ಖಾಲಾ ದುಕಾನಿನಿಂದ ಶಾಯಿಯ ಪ್ಯಾಡು ತಂದಳು, ಜೊತೆಗೆ ತನ್ನ ಅನುಭವವನ್ನೂ ತಂದಳು. ನರಸಮ್ಮ ಬಲಗೈ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಇಡುವಷ್ಟರಲ್ಲಿ ಖಾಲಾ ಆಕೆಯ ಮುಂಗೈ ಹಿಡಿದಳು.

"ನಕ್ಕೋ ನಕ್ಕೋ. ಬಲಗೈ ಹೆಂಗಸರದು. ಗಂಡಸರದು ಎಡಗೈ ಇರ್ತದ. ದುಕಾನದಾಗ ಎಷ್ಟು ಕಾಗದ ನೋಡೀನಿ ನಾನು. ಬಲಗೈ ಒತ್ತಿದ್ರ ಇದರಪ್ಪ ಸೀರಿ ಉಟ್ಟಂಗ ಆಗ್ತದ."

ನಕ್ಕೋ ಎಂದರೆ ದಖನಿಯಲ್ಲಿ ಬೇಡ ಎಂದು. ಎಡಗೈ ಬೇಕು. ಎಡಗೈಯಲ್ಲಿ ಕೂಸಿತ್ತು. ಖಾಲಾ ಒಂದು ಕೈಯಲ್ಲಿ ಪ್ಯಾಡು, ಇನ್ನೊಂದು ಕೈಯಲ್ಲಿ ಕಾಗದ ಹಿಡಿದಿದ್ದಳು. ನರಸಮ್ಮ ಕೂಸನ್ನು ಸೊಂಟದಿಂದ ಬಿಡಿಸಿ ನನ್ನ ಕಡೆ ಚಾಚಿದಳು.

"ಪಟ್ಟುಕೋ."

ಹಿಡಿದುಕೋ ಎಂದು. ನಾನು ಕೈ ಮುಂದೆ ಮಾಡಲಿಲ್ಲ. ಮೂರು ತಿಂಗಳಿನಿಂದ ನಾನು ಆ ಕೂಸನ್ನು ಮುಟ್ಟಿಲ್ಲವೆಂದು ಆಕೆಗೆ ಗೊತ್ತಿತ್ತು. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಕೂಸು ನಮ್ಮಿಬ್ಬರ ನಡುವೆ ಗಾಳಿಯಲ್ಲಿ ಕಾಲಾಡಿಸುತ್ತಿತ್ತು.

"ಪಟ್ಟುಕೋ ಮಾಳಮ್ಮಾ. ಕೈ ಸೋಲ್ತಾವ."

ಹಿಡಿದುಕೊಂಡೆ. ಎರಡು ತಿಂಗಳ ಮರಿಯಷ್ಟು ಭಾರ. ಅದು ನನ್ನ ಜಡೆ ಹಿಡಿದು ಬಾಯಿಗೆ ಹಾಕಿಕೊಂಡಿತು. ನರಸಮ್ಮ ಎಡಗೈ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ನಾನು ತೋರಿಸಿದ ಜಾಗದಲ್ಲಿ, ತಂದೆಯ ಸಹಿ ಎಂದು ಅಚ್ಚಾಗಿದ್ದ ಗೆರೆಯ ಮೇಲೆ, ಬಹಳ ಹುಷಾರಾಗಿ ಇಟ್ಟಳು. ತೆಗೆದಾಗ ನೇರಳೆ ಬಣ್ಣದ ಗೆರೆಗಳು ಸ್ವಚ್ಛ ಮೂಡಿದ್ದವು. ಆಮೇಲೆ ಕೂಸನ್ನು ತೆಗೆದುಕೊಳ್ಳಲು ಕೈ ಚಾಚಿದಳು. ನಾನು ಕೊಡುವುದು ತುಸು ತಡವಾಯಿತು. ಆಕೆಯ ಬೆರಳು ತಾಗಿ ಸರೋಜಳ ಕೆನ್ನೆಯ ಮೇಲೆ ನೇರಳೆ ಬೊಟ್ಟಾಯಿತು.

"ಬಿಡು, ದೃಷ್ಟಿ ಬೊಟ್ಟಾಯ್ತು," ಎಂದಳು ಖಾಲಾ.

ಸೋಮವಾರ ಗುಮಾಸ್ತರು ಅದರ ಪಕ್ಕದಲ್ಲಿ ಅಪ್ಪನ ಹೆಸರು ಬರೆದು, ಇವರ ಎಡಗೈ ಹೆಬ್ಬೆಟ್ಟಿನ ಗುರುತು ಎಂದು ಸೇರಿಸಿ, ಫಾರಂ ಇಟ್ಟುಕೊಂಡರು. ನಾವು ಮಾಡಿದ್ದು ತಪ್ಪೇ. ಅದನ್ನು ಮುಚ್ಚಿ ಬರೆಯುವುದು ನನಗೆ ಬೇಡ. ಐದು ವರ್ಷ, ಪ್ರತಿ ವರ್ಷ, ಅದೇ ಎಡಗೈ.

ಆಕೆಯನ್ನು ನಾನು ಪಿನ್ನಿ ಎಂದು ಕರೆಯತೊಡಗಿದೆ. ತೆಲುಗಿನಲ್ಲಿ ಚಿಕ್ಕಮ್ಮ ಎಂದು ಅರ್ಥ. ಅವ್ವ ಎನ್ನಬೇಡ ಎಂದಿದ್ದಳು ನಮ್ಮವ್ವ. ಪಿನ್ನಿ ಎಂಬ ಮಾತು ಆಕೆಗೆ ಗೊತ್ತಿರಲಿಲ್ಲ. ಹೀಗೆ ಸಂದಿ ಹುಡುಕುವುದು ನನಗೆ ರೂಢಿಯಾಗಿತ್ತು. ಕೂಸಿನ ವಿಷಯಕ್ಕೆ ಮಾತ್ರ ಯಾವ ಸಂದಿಯೂ ಉಳಿದಿರಲಿಲ್ಲ, ಈಗ ದಿನಾ ಎತ್ತಿಕೊಳ್ಳುತ್ತಿದ್ದೆ.

ದೀಪಾವಳಿ ರಜೆಗೆ ಹಟ್ಟಿಗೆ ಹೋದೆ. ಕಾಕಾನ ಮಕ್ಕಳು "ಏ ರಾಯಚೂರು ಬಂತು" ಎಂದು ಕೂಗಿದರು. ಅಲ್ಲಿ ದೇವದುರ್ಗ, ಇಲ್ಲಿ ರಾಯಚೂರು. ಅವ್ವ ತಲೆಗೆ ಎಣ್ಣೆ ಹಚ್ಚಲು ನನ್ನನ್ನು ಮುಂದೆ ಕೂರಿಸಿಕೊಂಡಳು. ತಲೆ ತಿಕ್ಕುತ್ತಿದ್ದ ಕೈ ನಡುವೆ ನಿಂತಿತು. ಆಕೆ ಬಗ್ಗಿ ನನ್ನ ಹೆಗಲನ್ನು ಮೂಸಿದಳು.

"ಹಾಲಿನ ವಾಸನಿ ಅದ," ಎಂದಳು.

ಸಾವಿರ ಮರಿಯ ವಾಸನೆ ಬಲ್ಲ ಮೂಗು ಅದು. ಅದರ ಮುಂದೆ ನನ್ನ ಸುಳ್ಳು ನಡೆಯುತ್ತಿರಲಿಲ್ಲ. "ಎಡಗೈ ಬೇಕಾಗಿತ್ತವ್ವ ಅಕಿಗೆ," ಎಂದು ಶುರು ಮಾಡಿ ಎಲ್ಲ ಹೇಳಿದೆ. ಮೀಸೆಯ ಮಾತು, ಖಾಲಾನ ಮಾತು, ಎಲ್ಲ. ಅವ್ವ ಎಣ್ಣೆಯ ಬಟ್ಟಲು ಕೆಳಗಿಟ್ಟಳು.

"ನಿಮ್ಮಪ್ಪನ ಹೆಬ್ಬಟ್ಟು ಅಕೀ ಒತ್ತಿದಳು?"

"ಹೂಂ."

"ಅಂದ್ರ ಅವ ಅಲ್ಲೂ ಇಲ್ಲ."

ಮೂರು ವರ್ಷ ಅವ್ವ ಅವನು ಅಲ್ಲಿದ್ದಾನೆ ಎಂದು ನಂಬಿ ಬದುಕಿದ್ದಳು. ಅಲ್ಲಿ ಅನ್ನ ಉಣ್ಣುತ್ತಾನೆ, ಅಲ್ಲಿ ಮಲಗುತ್ತಾನೆ, ಅಲ್ಲಿ ನಗುತ್ತಾನೆ ಎಂದು. ಸಿಟ್ಟು ಇಟ್ಟುಕೊಳ್ಳಲು ಒಂದು ಜಾಗವಿತ್ತು. ನಾನು ಆ ಜಾಗವನ್ನೂ ಕಿತ್ತುಕೊಂಡೆ. ಆಕೆ ನನ್ನ ಜಡೆ ಹೆಣೆದು ಮುಗಿಸಿ ಎದ್ದು ಹೋದಳು. ಮರುದಿನ ಬಸ್ಸಿನ ತನಕ ಬರಲಿಲ್ಲ. ಕಾಕಾ ಟ್ರಂಕು ಹೊತ್ತು ಬಂದ. "ಏನ ಮಾಡಿಬೇ ನಿಮ್ಮವ್ವಗ?" ಎಂದು ಕೇಳಿದ. ನಾನು ಕಿಟಕಿಯಲ್ಲಿ ಮುಖ ಇಟ್ಟುಕೊಂಡು ಕೂತೆ.

ಮುಂದಿನ ವರ್ಷಗಳಲ್ಲಿ ಅವ್ವ ಉಣ್ಣಲಿಕ್ಕಿದಳು, ತಲೆ ಬಾಚಿದಳು, ಬುತ್ತಿ ಕಟ್ಟಿದಳು. ಆ ಮನೆಯ ಮಾತು ಮಾತ್ರ ಎತ್ತಲಿಲ್ಲ. ನಾನು ಊರಿಗೆ ಹೊರಡುವ ಮುನ್ನ ರವಿಕೆಯನ್ನು ಎರಡು ಸಲ ಒಗೆಯುತ್ತಿದ್ದೆ. ರಾಯಚೂರಿಗೆ ಬಂದರೆ ಸರೋಜ ಬಾಗಿಲಿಗೆ ಅಂಬೆಗಾಲಿಟ್ಟು ಬರುತ್ತಿದ್ದಳು. ಮರುವರ್ಷ ನಡೆದು ಬಂದಳು. ಆಕೆ ಮತ್ತು ನಾನು ತೆಲುಗು ಕಲಿತದ್ದು ಕೂಡಿಯೇ. ನನ್ನ ತಪ್ಪುಗಳಿಗೆ ನಗದೆ ಇದ್ದವಳು ಆ ಊರಿನಲ್ಲಿ ಆಕೆ ಒಬ್ಬಳೇ. ಅಪ್ಪ ವರ್ಷಕ್ಕೊಂದು ಸಲ ಬಂದ, ಆಮೇಲೆ ಅದೂ ಇಲ್ಲ. ಪಿನ್ನಿ ಹತ್ತಿ ಮಿಲ್ಲಿಗೆ ಕೆಲಸಕ್ಕೆ ಹೊರಟಳು. ಕುರಿ ಲಾರಿ ಹಾದರೆ ಬಾಗಿಲಿಗೆ ಬರುವುದನ್ನು ಇಬ್ಬರೂ ಬಿಟ್ಟೆವು. ಯಾವಾಗ ಬಿಟ್ಟೆವೆಂದು ನೆನಪಿಲ್ಲ.

ನಾನು ಬಿ.ಎ. ಪಾಸಾದೆ. ನಮ್ಮ ಹಟ್ಟಿಯಲ್ಲಿ, ಗಂಡು ಹೆಣ್ಣು ಸೇರಿಸಿ, ಮೊದಲ ಪದವೀಧರೆ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಅದನ್ನು ನನ್ನ ಕೈಗೆ ತಂದು ಇಡಲಿಲ್ಲ. ಮರುವರ್ಷ ಮಾನ್ವಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಮತ್ತೆ ಹೊಸ ಊರು, ಮತ್ತೆ ಒಂದು ಕೋಣೆ, ಮತ್ತೆ ಕೊಡ. ಈ ಸಲ ಕೊಡ ಪಾಳಿಯಲ್ಲಿಟ್ಟು ಹೋಗಿ ಚಹಾ ಮಾಡಿಕೊಂಡೆ. ಕಚೇರಿಯಲ್ಲಿ ನನ್ನ ಕೆಲಸಗಳಲ್ಲೊಂದು, ಬಂದವರ ಹೆಬ್ಬೆರಳು ಹಿಡಿದು ಕಾಗದಕ್ಕೆ ಒತ್ತಿಸುವುದು. ಅದನ್ನು ಮಾಡುವಾಗ ನನ್ನ ಕಣ್ಣು ಎದುರಿನವರ ಮುಖಕ್ಕೆ ಹೋಗುತ್ತದೆ. ಇದರ ಹಿಂದೆ ಎಷ್ಟು ಮಂದಿ ಇದ್ದಾರೋ ಅನಿಸುತ್ತದೆ.

ಪಿನ್ನಿ ಬೆಳಗಾಗುವ ಮುಂಚೆ ಮಿಲ್ಲಿಗೆ ಹೋಗಬೇಕಾಗಿತ್ತು. ಸರೋಜಳನ್ನು ಶಾಲೆಗೆ ಕಳಿಸುವವರಿಲ್ಲ. ನಾನು ಆಕೆಯನ್ನು ಮಾನ್ವಿಗೆ ಕರೆತಂದು ಶಾಲೆಗೆ ಹಚ್ಚಿದೆ. ಫಾರಮಿನಲ್ಲಿ ಪಾಲಕರ ಸಹಿ ಎಂದಿದ್ದ ಕಡೆ ನನ್ನ ಸಹಿ ಹಾಕಿದೆ. ಅವ್ವನಿಗೆ ತಿಳಿಸಲಿಲ್ಲ. ಹೇಗೆ ತಿಳಿಸಬೇಕೆಂದು ಯೋಚಿಸುತ್ತಲೇ ಆರು ತಿಂಗಳು ಹೋದವು.

ಒಂದು ಶನಿವಾರ ಕಚೇರಿಯಿಂದ ಬಂದರೆ ಅವ್ವ ನನ್ನ ಕೋಣೆಯ ಕಟ್ಟೆಯ ಮೇಲೆ ಕೂತಿದ್ದಳು. ಸಿರವಾರದ ಮೇಲೆ ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಪಕ್ಕದಲ್ಲಿ ಹಿಟ್ಟಿನ ಚೀಲ. ಒಂದು ಮಾರು ದೂರದಲ್ಲಿ, ಶಾಲೆಯಿಂದ ಬಂದ ಸರೋಜ, ಪಾಟಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ.

"ಅಕ್ಕಾ, ಈ ಅವ್ವ ಯಾರು?" ಎಂದಳು ಸರೋಜ.

"ನಮ್ಮವ್ವ."

"ನನಗ ಏನಾಗಬೇಕು?"

ಅವ್ವ ಸರೋಜಳ ಕಿವಿಯನ್ನು ನೋಡುತ್ತಿದ್ದಳು, ಹಿಂಡಿನಲ್ಲಿ ಬೇರೆಯವರ ಕುರಿ ಸೇರಿದಾಗ ನೋಡುವ ಹಾಗೆ.

"ಕಿವಿ ಅವಂದ," ಎಂದು ಎದ್ದು ಒಳಗೆ ಹೋದಳು.

ಆ ದಿನ ಅಷ್ಟೇ. ನಾನು ಬಡಿಸಿದ್ದನ್ನು ಉಂಡಳು. ಸರೋಜಳ ಕಡೆ ತಿರುಗಲಿಲ್ಲ. ಬೆಳಗ್ಗೆ ನಾನು ಏಳುವಷ್ಟರಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಪುಂಡಿಪಲ್ಯ ಕುದಿಯುತ್ತಿತ್ತು. ಸರೋಜ ಎದ್ದು ಒಲೆಯ ಹತ್ತಿರ ಹೋಗಿ, "ಗೋಂಗೂರಾ?" ಎಂದು ಕೇಳಿದಳು. ಅವ್ವ ಆಕೆಯನ್ನು ನೋಡದೆ, "ಪುಂಡಿಪಲ್ಯ" ಎಂದಳು. ತುಸು ಹೊತ್ತಿನ ಮೇಲೆ ನನ್ನನ್ನು ಕೂಗಿದಳು.

"ಉಪ್ಪು ಎಲ್ಲಿಟ್ಟೀಬೇ?"

"ಪಲ್ಯಾಕ ಕಮ್ಮಿ ಆಗ್ಯದೇನವ್ವ?"

"ಪಲ್ಯಾಕಲ್ಲ."

ನಾನು ಡಬ್ಬಿ ತಂದುಕೊಟ್ಟೆ. ಅವ್ವ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡಳು. ಇನ್ನೊಂದು ಕೈಯಿಂದ ಸರೋಜಳ ತೋಳು ಹಿಡಿದು ತನ್ನ ಮೊಣಕಾಲುಗಳ ನಡುವೆ, ಬೆನ್ನು ತನ್ನ ಕಡೆ ಮಾಡಿ ನಿಲ್ಲಿಸಿಕೊಂಡಳು.

"ಏನು ಮಾಡ್ತಿ?" ಎಂದಳು ಸರೋಜ ಹೆದರಿ.

"ಸುಮ್ಮನ ನಿಲ್ಲು. ದೃಷ್ಟಿ ತಗೀತೀನಿ."

ದೃಷ್ಟಿ ತೆಗೆಯುವವರು ಉಪ್ಪನ್ನು ಮುಖದ ಮುಂದೆ ನಿವಾಳಿಸಿ ಒಲೆಗೆ ಹಾಕುತ್ತಾರೆ. ಅವ್ವ ನಿವಾಳಿಸಲಿಲ್ಲ. ಸರೋಜಳ ಕತ್ತಿನಿಂದ ಬೆನ್ನಿನವರೆಗೆ ನಿಧಾನವಾಗಿ ಸವರಿದಳು. ಆಮೇಲೆ ಬಗ್ಗಿ ಆಕೆಯ ನೆತ್ತಿಯನ್ನು ಮೂಸಿದಳು.

"ಇದರ ತಲಿಗಿ ಎಣ್ಣಿ ಕಂಡು ಎಷ್ಟ ದಿನಾ ಆತು?" ಎಂದಳು ನನಗೆ. "ಓದಿದಾಕಿ ಅಂತ, ಒಂದು ಕೂಸಿನ ತಲಿ ನೋಡಾಕ ಬರಂಗಿಲ್ಲ."

ನಾನು ಎಣ್ಣೆಯ ಬಟ್ಟಲು ತರಲು ಎದ್ದೆ. ಅದು ಕೈಗೆ ಸಿಗಲು ಹೊತ್ತು ಹಿಡಿಯಿತು.

ಇದಾಗಿ ಕೆಲವು ವರ್ಷ ಕಳೆದವು. ನಾನು ಮಾನ್ವಿಯಲ್ಲೇ ಇದ್ದೇನೆ. ಇಲ್ಲಿ ಯಾರಾದರೂ "ನಿಮ್ಮೂರು ಯಾವುದ್ರಿ?" ಎಂದರೆ ದೇವದುರ್ಗ ಎನ್ನುತ್ತೇನೆ. ಹಟ್ಟಿಗೆ ಹೋದರೆ ನನ್ನ ಬಾಯಲ್ಲಿ ತೆಲುಗು ಮಾತು ಜಾರುತ್ತದೆ, ಕಾಕಾನ ಮಕ್ಕಳು ನಗುತ್ತಾರೆ. ರಾಯಚೂರಿನ ಓಣಿಗೆ ಹೋದರೆ ಖಾಲಾ ಈಗಲೂ "ಬಾ ದೇವದುರ್ಗ" ಎನ್ನುತ್ತಾಳೆ. ಅವ್ವ ರಾಯಚೂರಿಗೆ ಯಾವತ್ತೂ ಹೋಗಿಲ್ಲ. ಪಿನ್ನಿ ಹಟ್ಟಿ ನೋಡಿಲ್ಲ. ಅವರಿಬ್ಬರ ನಡುವೆ ಹೋಗಿಬರುವುದು ನಾನು, ಸರೋಜ, ಮತ್ತು ಹಿಟ್ಟಿನ ಚೀಲ.

ಈ ದೀಪಾವಳಿಗೆ ಅವ್ವ ಹೇಳಿ ಕಳಿಸಿದ್ದಾಳೆ, ಇಬ್ಬರೂ ಬರ್ರಿ ಎಂದು. ಪಿನ್ನಿಯೂ ಹೇಳಿ ಕಳಿಸಿದ್ದಾಳೆ, ಇಬ್ಬರೂ ರಾವಾಲಿ ಎಂದು. ಬರಬೇಕು ಎಂದರ್ಥ. ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸು, ಹಟ್ಟಿಯ ಕಡೆ ಹೋಗುವ ಸಿರವಾರದ ಬಸ್ಸು ಅಕ್ಕಪಕ್ಕವೇ ನಿಲ್ಲುತ್ತವೆ. ಯಾವುದು ಮೊದಲು ಹೊರಟರೆ ಅದನ್ನು ಹತ್ತುತ್ತೇವೆ. ಹತ್ತಿ ಕೂತ ಮೇಲೆ ಸರೋಜ ಕಿಟಕಿಯ ಕಡೆ ಜರುಗುತ್ತಾಳೆ, ನಾನೂ ಬಗ್ಗುತ್ತೇನೆ. ನಮ್ಮ ಬಸ್ಸು ತಿರುವು ದಾಟುವವರೆಗೂ ಇಬ್ಬರೂ ಆ ಇನ್ನೊಂದು ಬಸ್ಸನ್ನು ನೋಡುತ್ತಿರುತ್ತೇವೆ.